ಮಾತು ಬಿಟ್ಟವರೂ ಜೊತೆಗೆ ಕೂರಬೇಕು

ಶುಕ್ರವಾರ ರಾತ್ರಿ ಆ ಮನೆಗೆ ಒಬ್ಬ ಮಗ ಬಂದರೆ ಇನ್ನೊಬ್ಬ ಬರುತ್ತಿರಲಿಲ್ಲ. ಈ ವಾರ ದೊಡ್ಡವರು, ಮುಂದಿನ ವಾರ ಚಿಕ್ಕವರು. ಯಾರೂ ಕೂತು ಹೀಗೆ ತೀರ್ಮಾನ ಮಾಡಿದ ಹಾಗೆ ಕಾಣಲಿಲ್ಲ, ಆದರೂ ಪಾಳಿ ತಪ್ಪುತ್ತಿರಲಿಲ್ಲ. ನಾನಾಗ ಇಸ್ರೇಲಿನ ಟೆಲ್ ಅವೀವ್ ಹತ್ತಿರದ ಒಂದು ಊರಿನಲ್ಲಿ ಕೇರ್‌ಗಿವರ್ ಆಗಿದ್ದೆ. ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಈ ಕೆಲಸದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದ ಒಬ್ಬ ತಾಯಿ, ಅವರ ಫ್ಲ್ಯಾಟ್, ಅದರಲ್ಲಿ ನನಗೊಂದು ಚಿಕ್ಕ ಕೋಣೆ. ಮೊಮ್ಮಕ್ಕಳು ಅವರನ್ನು ಸಾವ್ತಾ ಅನ್ನುತ್ತಿದ್ದರು, ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ.

ಸಾವ್ತಾಗೆ ಇಬ್ಬರು ಗಂಡು, ಒಬ್ಬಳು ಹೆಣ್ಣು. ದೊಡ್ಡ ಮಗ ತಲೆ ಮೇಲೆ ಕಿಪ್ಪಾ, ಅಂದರೆ ಯಹೂದಿ ಗಂಡಸರು ಹಾಕುವ ಚಿಕ್ಕ ಟೋಪಿ, ಇಲ್ಲದೆ ಹೊಸಿಲು ದಾಟದ ಮನುಷ್ಯ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಬಂದು ಕಾರು ನಿಲ್ಲಿಸಿದರೆ, ಶನಿವಾರ ರಾತ್ರಿ ನಕ್ಷತ್ರ ಕಂಡು ಸಬ್ಬತ್ತಿನ ವಿಶ್ರಾಂತಿ ಮುಗಿಯುವವರೆಗೆ ಅದರ ಕೀ ಮುಟ್ಟುತ್ತಿರಲಿಲ್ಲ. ಚಿಕ್ಕ ಮಗ ಊಟದ ಮಧ್ಯೆ ಬಾಲ್ಕನಿಗೆ ಎದ್ದು ಹೋಗಿ ಸಿಗರೇಟು ಹಚ್ಚುವವರು. ಜಗಳ ಯಾವುದರಿಂದ ಶುರುವಾಯಿತು ಅಂತ ನನಗೆ ಕೊನೆಗೂ ಸರಿಯಾಗಿ ತಿಳಿಯಲಿಲ್ಲ. ಅಪ್ಪನ ಅಂಗಡಿ ಮಾರಿದಾಗ ಅಂತ ಮಗಳು ಹೇಳಿದಳು. ಅಲ್ಲ, ಅದಕ್ಕೂ ಮೊದಲು ಅಂತ ಸಾವ್ತಾ. ಚಿಕ್ಕವರ ಮನೆಯಲ್ಲಿ ಏನೋ ಸಮಾರಂಭ. ಅಣ್ಣನಿಗೋಸ್ಕರ ಕೋಷರ್, ಅಂದರೆ ಧರ್ಮದ ನಿಯಮಕ್ಕೆ ಒಪ್ಪುವ ಅಡುಗೆ ಹೊರಗಿನಿಂದ ತರಿಸಿದ್ದರಂತೆ, ಹೊಸ ಪೇಪರ್ ತಟ್ಟೆ ತಂದಿದ್ದರಂತೆ. ಆದರೂ ಅತ್ತಿಗೆ ಒಂದು ತುತ್ತೂ ಬಾಯಿಗಿಡದೆ ಎದ್ದು ಹೋದರಂತೆ. ಅಂಗಡಿಯೋ ತಟ್ಟೆಯೋ, ಅಂತೂ ಇಬ್ಬರೂ ಅರವತ್ತು ದಾಟಿದ್ದರು, ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು.

ದೊಡ್ಡವರ ಪಾಳಿಯ ವಾರ ಅವರ ಮೊಮ್ಮಕ್ಕಳೂ ಬರುತ್ತಿದ್ದರು. ದ್ರಾಕ್ಷಾರಸದ ಪ್ರಾರ್ಥನೆಗೆ ಮೊದಲು ಹುಡುಗರು ಒಬ್ಬೊಬ್ಬರಾಗಿ ಅಜ್ಜನ ಮುಂದೆ ತಲೆ ಬಗ್ಗಿಸುತ್ತಿದ್ದರು. ಅವರು ಎರಡೂ ಕೈ ತಲೆ ಮೇಲಿಟ್ಟು, ದೇವರು ನಿನ್ನನ್ನು ಎಫ್ರಾಯೀಮನ ಹಾಗೆ, ಮನಸ್ಸೆಯ ಹಾಗೆ ಮಾಡಲಿ ಅಂತ ಹರಸುತ್ತಿದ್ದರು. ಹುಡುಗಿಯರಿಗಾದರೆ ಸಾರಾ, ರೆಬೆಕ್ಕ, ರಾಹೇಲ, ಲೇಯಾ. ನಾನು ಚರ್ಚಿನ ದೊತೊರ್ನ್ ಕ್ಲಾಸಿನಲ್ಲಿ ಬೈಬಲ್ ಕತೆ ಕೇಳಿಯೇ ಬೆಳೆದವಳು. ಹೆಣ್ಣುಮಕ್ಕಳಿಗೆ ಇಷ್ಟು ದೊಡ್ಡ ದೊಡ್ಡ ಹೆಸರು, ಗಂಡುಮಕ್ಕಳಿಗೆ ಮಾತ್ರ ಯಾರಿಗೂ ನೆನಪಿರದ ಇಬ್ಬರು ಯಾಕೆ? ಅಬ್ರಹಾಮ ಇದ್ದನಲ್ಲ, ಮೋಶೆ ಇದ್ದನಲ್ಲ? ಒಂದು ದಿನ ಕೇಳಿಯೇಬಿಟ್ಟೆ. ಆದಿಕಾಂಡದಲ್ಲಿ ಜಗಳ ಆಡದ ಅಣ್ಣತಮ್ಮ ಅಂತ ಇರುವುದು ಇವರಿಬ್ಬರೇ, ಅಂದರು ದೊಡ್ಡವರು. ಎದುರಿಗೆ ಕೂತಿದ್ದ ಸಾವ್ತಾ ಮಗನ ಮುಖವನ್ನೇ ನೋಡುತ್ತಿದ್ದರು. ದೊಡ್ಡವರು ಬ್ರೆಡ್ ಮೇಲಿನ ಬಟ್ಟೆ ಸರಿಮಾಡಿದರು.

ಆಮೇಲೆ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಆ ಅಧ್ಯಾಯ ತೆಗೆದು ಓದಿದೆ, 48ನೆಯದು. ಮುದಿ ಯಾಕೋಬ ಮೊಮ್ಮಕ್ಕಳನ್ನು ಹರಸುವಾಗ ಕೈ ಅಡ್ಡಡ್ಡ ಹಾಕುತ್ತಾನೆ. ಹಿರಿಯನಿಗೆ ಸಲ್ಲಬೇಕಾದ ಬಲಗೈ ಚಿಕ್ಕವನಾದ ಎಫ್ರಾಯೀಮನ ಮೇಲೆ, ಎಡಗೈ ದೊಡ್ಡವನ ಮೇಲೆ. ಅಪ್ಪಾ, ಹಾಗಲ್ಲ ಅಂತ ಆಕ್ಷೇಪ ಎತ್ತುವವನು ಹುಡುಗರ ಅಪ್ಪ, ಯಾಕೋಬನ ಮಗ ಯೋಸೇಫ. ಅಂದರೆ ಅಪ್ಪನ ಮುದ್ದಿನ ಮಗನಾಗಿ ಅದರ ಫಲ ಉಂಡವನು. ಹುಡುಗರಿಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ. ದೊಡ್ಡವನು ಸಿಟ್ಟಾಗಲಿಲ್ಲ, ಚಿಕ್ಕವನು ಬೀಗಲಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಏನೂ ಮಾಡದೆ ಸುಮ್ನೆ ನಿಂತದ್ದಕ್ಕೆ ಇವತ್ತಿಗೂ ಪ್ರತಿ ಶುಕ್ರವಾರ ಅವರ ಹೆಸರು ಹೇಳುತ್ತಾರೆ. ಅದನ್ನು ನಾನು ತಮಾಷೆ ಅಂದುಕೊಂಡಿದ್ದೆ. ಯೋಚಿಸಿದಷ್ಟೂ ಅದು ತಮಾಷೆಯಾಗಿ ಉಳಿಯಲಿಲ್ಲ.

ಎರಡು ನಾಣ್ಯದ ತೂಕದ ಉಣ್ಣೆ

ನಾವು ಓದಿದ ಬೈಬಲ್ಲೇ ಇವರದ್ದೂ. ಆದರೆ ಇವರು ಅದನ್ನು ಅಲ್ಲಿಗೇ ಬಿಡುವುದಿಲ್ಲ. ರಬ್ಬಿಗಳು, ಅಂದರೆ ಇವರ ಧರ್ಮಗುರುಗಳು, ಸಾಲು ಸಾಲಿಗೂ ನಿಂತು ಪ್ರಶ್ನೆ ಕೇಳಿದ್ದಾರೆ, ಆ ಪ್ರಶ್ನೋತ್ತರ ಎಲ್ಲ ಮಿದ್ರಾಷ್ ಮತ್ತು ತಾಲ್ಮುಡ್ ಎಂಬ ಗ್ರಂಥಗಳಲ್ಲಿ ತುಂಬಿಕೊಂಡಿದೆ. ಮಧ್ಯಾಹ್ನ ಸಾವ್ತಾ ಮಲಗಿದಾಗ ನಾನು ಸೆಫಾರಿಯಾ ಎಂಬ ತಾಣದಲ್ಲಿ ಇಂಗ್ಲಿಷ್ ಅನುವಾದ ಓದುತ್ತಿದ್ದೆ. ಪುಕ್ಕಟೆ ಸಿಗುತ್ತದೆ. ಓದುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಈ ಮಂದಿ ತಮ್ಮ ಮೂಲ ಪುರುಷರ ಮನೆ ಜಗಳವನ್ನು ಎಲ್ಲೂ ಮುಚ್ಚಿಡುವುದಿಲ್ಲ.

ಆದಾಮನ ಮಗ ಕಾಯಿನ ತನ್ನ ತಮ್ಮ ಹೇಬೆಲನನ್ನು ಕೊಲ್ಲುವ ಮೊದಲು ಏನೋ ಹೇಳಿದ ಅಂತ ಆದಿಕಾಂಡದಲ್ಲಿದೆ. ಏನು ಹೇಳಿದ ಅಂತ ಹೀಬ್ರೂ ಪಠ್ಯದಲ್ಲಿ ಇಲ್ಲ. ಆ ಖಾಲಿ ಜಾಗಕ್ಕೆ ರಬ್ಬಿಗಳು ಆಸ್ತಿ ಪಾಲನ್ನು ತಂದು ಕೂರಿಸಿದ್ದಾರೆ. ಇಬ್ಬರೇ ಇದ್ದರು, ಇಡೀ ಲೋಕವನ್ನು ಪಾಲು ಮಾಡಿಕೊಂಡರು. ಒಬ್ಬನಿಗೆ ಭೂಮಿ, ಇನ್ನೊಬ್ಬನಿಗೆ ಎತ್ತಿ ಒಯ್ಯಬಹುದಾದದ್ದೆಲ್ಲ. ನೀನು ನಿಂತ ನೆಲ ನನ್ನದು, ಹಾರು ಅಂದ ಒಬ್ಬ. ನೀನು ಉಟ್ಟ ಬಟ್ಟೆ ನನ್ನದು, ಬಿಚ್ಚು ಅಂದ ಇನ್ನೊಬ್ಬ. ಇಡೀ ಭೂಮಿಗೆ ಇಬ್ಬರೇ ವಾರಸುದಾರರು, ಆಗಲೂ ಜಾಗ ಸಾಲಲಿಲ್ಲ! ಇನ್ನೊಬ್ಬ ರಬ್ಬಿ ಪ್ರಕಾರ ಜಗಳ ಇದ್ದದ್ದು ದೇವಾಲಯ ಯಾರ ಪಾಲಿನ ಜಾಗದಲ್ಲಿ ಕಟ್ಟಬೇಕು ಅಂತ. ಮತ್ತೊಬ್ಬರ ಪ್ರಕಾರ ಒಬ್ಬ ಹೆಣ್ಣಿಗಾಗಿ. ಆಸ್ತಿ, ದೇವರು, ಹೆಣ್ಣು. ನಮ್ಮ ಕೋರ್ಟುಗಳಲ್ಲೂ ಇದಕ್ಕಿಂತ ಬೇರೆ ಕೇಸು ಜಾಸ್ತಿ ಏನಿದೆ?

ಅಣ್ಣಂದಿರೇ ಮಾರಿಬಿಟ್ಟ ಯೋಸೇಫನ ಕತೆಗೆ ಬಂದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ನಮ್ಮ ದೊತೊರ್ನ್‌ನಲ್ಲಿ ಅಣ್ಣಂದಿರು ಕೆಟ್ಟವರು, ಯೋಸೇಫ ಒಳ್ಳೆಯವನು, ಮುಗಿಯಿತು. ತಾಲ್ಮುಡ್ ಬೆರಳು ತೋರಿಸುವುದು ಅಪ್ಪನ ಕಡೆಗೆ. ಮಕ್ಕಳ ನಡುವೆ ಒಬ್ಬನನ್ನು ಬೇರೆಯಾಗಿ ನೋಡಬೇಡ ಅನ್ನುತ್ತದೆ ಅದು. ಯಾಕೋಬ ಉಳಿದವರಿಗಿಂತ ಯೋಸೇಫನಿಗೆ ಜಾಸ್ತಿ ಕೊಟ್ಟದ್ದು ಎರಡು ಸೆಲಾ ತೂಕದ ನಯವಾದ ಉಣ್ಣೆ ಅಷ್ಟೇ. ಅದರಿಂದ ಅಣ್ಣಂದಿರಿಗೆ ಹೊಟ್ಟೆಕಿಚ್ಚು, ಅದು ಉರುಳುತ್ತಾ ಉರುಳುತ್ತಾ ಇವರ ಹಿರಿಯರೆಲ್ಲ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಇಳಿಯಬೇಕಾಯಿತು. ಸೆಲಾ ಅಂದರೆ ಆಗಿನ ಒಂದು ನಾಣ್ಯ. ಎರಡು ನಾಣ್ಯದ ತೂಕದ ಉಣ್ಣೆಗೆ ಒಂದು ಜನಾಂಗದ ಗುಲಾಮಗಿರಿ. ಉತ್ಪ್ರೇಕ್ಷೆ ಅನ್ನಬಹುದು. ಆದರೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ಮಾರಿದವರ ತಪ್ಪನ್ನು ಹೇಳುವಾಗಲೂ, ಅಂಗಿ ಹೊಲಿಸಿ ಕೊಟ್ಟ ಕೈಯನ್ನು ಮರೆಯಲಿಲ್ಲವಲ್ಲ, ಅದು ನನಗೆ ಹಿಡಿಸಿತು.

ಅದೇ ಕತೆಯಲ್ಲಿ ಇನ್ನೊಂದು. ಅಣ್ಣಂದಿರು ಯೋಸೇಫನ ಜೊತೆ ಸಮಾಧಾನದಿಂದ ಮಾತಾಡಲಾರದೆ ಹೋದರು ಅಂತ ಒಂದು ಸಾಲು ಇದೆ. ಫ್ರಾನ್ಸಿನಲ್ಲಿ 1040ರಿಂದ 1105ರವರೆಗೆ ಬದುಕಿದ್ದ ರಾಶಿ ಎಂಬ ವ್ಯಾಖ್ಯಾನಕಾರ ಅಲ್ಲಿ ಬರೆಯುತ್ತಾನೆ: ಅವರ ನಿಂದೆಯಲ್ಲೇ ಅವರ ಹೊಗಳಿಕೆಯೂ ಇದೆ, ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಳ್ಳಲಿಲ್ಲ. ಮಾತು ಬಿಟ್ಟವರ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಹಬ್ಬಕ್ಕೆ ಸೇರಿದಾಗ ಹಲ್ಲು ಕಿರಿದು, ಕಾರು ಹತ್ತಿದ ಮೇಲೆ ಬೈಯುವ ಕುಟುಂಬಗಳಲ್ಲಿ ಬೆಳೆದ ನಮಗೆ ಇದು ಸ್ವಲ್ಪ ಕಸಿವಿಸಿ ಮಾಡುತ್ತದೆ.

ಆದರೆ ಇದೇ ಪರಂಪರೆ ಸುಳ್ಳಿಗೂ ಜಾಗ ಕೊಡುತ್ತದೆ. ಯಾಕೋಬ ಸತ್ತ ಮೇಲೆ ಅಣ್ಣಂದಿರಿಗೆ ಹೆದರಿಕೆ, ಅಪ್ಪ ಇರುವವರೆಗೆ ಸುಮ್ಮನಿದ್ದ, ಇನ್ನು ಸೇಡು ತೀರಿಸುತ್ತಾನೆ ಅಂತ. ಅವರು ಯಾಕೆ ಹೆದರಿದರು ಅನ್ನುವುದಕ್ಕೆ ಮಿದ್ರಾಷ್ ಒಂದು ಸಣ್ಣ ಘಟನೆ ಹೇಳುತ್ತದೆ. ಅಪ್ಪನನ್ನು ಮಣ್ಣು ಮಾಡಿ ವಾಪಸು ಬರುವಾಗ ಯೋಸೇಫ ದಾರಿ ಬಿಟ್ಟು ಪಕ್ಕಕ್ಕೆ ಹೋದ. ಹಿಂದೆ ತನ್ನನ್ನು ಎಸೆದಿದ್ದ ಗುಂಡಿಯ ಹತ್ತಿರ ನಿಂತು ಒಳಗೆ ಇಣುಕಿ ನೋಡಿದ. ಅವನು ಹೋದದ್ದು ದೇವರಿಗೆ ಕೃತಜ್ಞತೆ ಹೇಳಲು. ದೂರದಲ್ಲಿ ನಿಂತ ಅಣ್ಣಂದಿರಿಗೆ ಕಂಡದ್ದು, ಇವನಿನ್ನೂ ಮರೆತಿಲ್ಲ ಅಂತ. ಆಗ ಅವರು ಹೇಳಿಕಳಿಸಿದರು: ಅಣ್ಣಂದಿರನ್ನು ಕ್ಷಮಿಸಿಬಿಡು ಅಂತ ಅಪ್ಪ ಸಾಯುವ ಮೊದಲು ಹೇಳಿದ್ದಾರೆ. ಅಪ್ಪ ಹಾಗೆ ಹೇಳಿದ್ದು ಆದಿಕಾಂಡದಲ್ಲಿ ಎಲ್ಲೂ ಇಲ್ಲ. ಕಟ್ಟಿದ ಮಾತು. ತಾಲ್ಮುಡ್ ಇದನ್ನೇ ಹಿಡಿದು, ಶಾಂತಿಗೋಸ್ಕರ ಮಾತು ಬದಲಿಸಬಹುದು ಅನ್ನುತ್ತದೆ. ಸಾವ್ತಾ ಈ ನಿಯಮವನ್ನು ಚೆನ್ನಾಗಿಯೇ ಬಳಸುತ್ತಿದ್ದರು. ಚಿಕ್ಕವರ ಮುಂದೆ, ಅಣ್ಣ ನಿನ್ನನ್ನು ಕೇಳಿದ ಅನ್ನುವರು. ದೊಡ್ಡವರ ಮುಂದೆ, ತಮ್ಮ ನಿನ್ನ ಬೆನ್ನುನೋವು ಹೇಗಿದೆ ಅಂತ ವಿಚಾರಿಸಿದ ಅನ್ನುವರು. ಎರಡೂ ಸುಳ್ಳು ಅಂತ ನನಗೆ ಗೊತ್ತು. ಮಕ್ಕಳಿಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ.

ಅಪ್ಪಿಕೊಂಡರು, ಬೇರೆ ಬೇರೆ ದಾರಿ ಹಿಡಿದರು

ಯಾಕೋಬ ಮತ್ತು ಏಸಾವ ಅವಳಿಗಳು. ತಮ್ಮ ಅಣ್ಣನ ಆಶೀರ್ವಾದ ಕದ್ದ, ಅಣ್ಣ ಕೊಲ್ಲುತ್ತೇನೆ ಅಂದ, ತಮ್ಮ ಓಡಿಹೋದ. ಇಪ್ಪತ್ತು ವರ್ಷದ ಮೇಲೆ ಅಣ್ಣ ನಾನೂರು ಜನರನ್ನು ಕಟ್ಟಿಕೊಂಡು ಎದುರಿಗೆ ಬರುತ್ತಾನೆ. ಓಡಿ ಬಂದು ತಮ್ಮನ ಕೊರಳಿಗೆ ಬಿದ್ದು ಮುತ್ತಿಡುತ್ತಾನೆ. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಟೋರಾ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳ ಸುರುಳಿಯಲ್ಲಿ ಮುತ್ತಿಟ್ಟ ಎಂಬ ಆ ಮಾತಿನ ಒಂದೊಂದು ಅಕ್ಷರದ ಮೇಲೂ ಒಂದೊಂದು ಚುಕ್ಕೆ ಇದೆ. ಇವತ್ತಿಗೂ ಕೈಯಲ್ಲಿ ಬರೆಯುವ ಲಿಪಿಕಾರ ಆ ಚುಕ್ಕೆ ಬಿಡುವ ಹಾಗಿಲ್ಲ. ಯಾಕೆ ಚುಕ್ಕೆ ಅಂತ ರಬ್ಬಿಗಳ ನಡುವೆಯೇ ಭಿನ್ನಾಭಿಪ್ರಾಯ. ಪೂರ್ತಿ ಮನಸ್ಸಿನಿಂದ ಮುತ್ತಿಟ್ಟ ಅಂತ ಒಬ್ಬರು. ಇಲ್ಲ, ಕಚ್ಚೋಕೆ ಬಂದಿದ್ದ, ಯಾಕೋಬನ ಕುತ್ತಿಗೆ ಅಮೃತಶಿಲೆ ಆಗಿಬಿಟ್ಟಿತು ಅಂತ ಇನ್ನೊಬ್ಬರು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟಿದ್ದಾರೆ, ಯಾರದ್ದನ್ನೂ ಅಳಿಸಿಲ್ಲ.

ಅಪ್ಪಿಕೊಂಡ ಮೇಲೆ ಏನಾಯಿತು ಅನ್ನುವುದು ನನಗೆ ಇನ್ನೂ ಮುಖ್ಯ. ಬಾ, ಜೊತೆಗೆ ಹೋಗೋಣ ಅನ್ನುತ್ತಾನೆ ಏಸಾವ. ನೀನು ಮುಂದೆ ನಡೆ, ಮಕ್ಕಳು, ಕುರಿಮರಿ ಎಲ್ಲ ಇವೆ, ನಾನು ನಿಧಾನವಾಗಿ ನಿನ್ನ ಊರು ಸೇಯೀರಿಗೆ ಬರ್ತೀನಿ ಅನ್ನುತ್ತಾನೆ ಯಾಕೋಬ. ಹೋಗುವುದೇ ಇಲ್ಲ. ಬೇರೆ ದಾರಿ ಹಿಡಿದು ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಳ್ಳುತ್ತಾನೆ. ಇಬ್ಬರನ್ನೂ ಒಟ್ಟಿಗೆ ಮತ್ತೆ ನೋಡುವುದು ಒಂದೇ ಕಡೆ. ಅಪ್ಪ ಇಸಾಕ ಸತ್ತಾಗ ಏಸಾವ ಮತ್ತು ಯಾಕೋಬ ಸೇರಿ ಅವನನ್ನು ಮಣ್ಣು ಮಾಡುತ್ತಾರೆ. ಅದಕ್ಕೂ ಒಂದು ತಲೆಮಾರು ಹಿಂದೆ ಇದೇ ಆಗಿತ್ತು. ಮನೆಯಿಂದ ಹೊರಹಾಕಿಸಿಕೊಂಡ ಇಷ್ಮಾಯೇಲ, ಮನೆಯಲ್ಲೇ ಉಳಿದ ಇಸಾಕ, ಇಬ್ಬರೂ ಸೇರಿ ಅಪ್ಪ ಅಬ್ರಹಾಮನನ್ನು ಹೆಬ್ರೋನಿನ ಮಕ್ಪೇಲ ಗವಿಯಲ್ಲಿ ಇಟ್ಟರು. ಅವರು ರಾಜಿಯಾದರು ಅಂತ ಅಲ್ಲಿ ಬರೆದಿಲ್ಲ. ಕ್ಷಮೆ ಕೇಳಿದರು ಅಂತಲೂ ಇಲ್ಲ. ಬಂದರು, ಮಣ್ಣು ಮಾಡಿದರು. ಅಷ್ಟೇ.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಒಂದು ವಿಚಾರ ಕೂತುಬಿಟ್ಟಿತು. ನಾವು ಒಗ್ಗಟ್ಟು ಅಂದಾಗ ಒಮ್ಮತ ಅಂದುಕೊಳ್ಳುತ್ತೇವೆ. ಇಲ್ಲದಿದ್ದರೆ ಪ್ರೀತಿಯಾದರೂ ಇರಬೇಕು ಅನ್ನುತ್ತೇವೆ. ಈ ಪರಂಪರೆ ಅಣ್ಣತಮ್ಮಂದಿರಿಂದ ಎರಡನ್ನೂ ಪಟ್ಟು ಹಿಡಿದು ಕೇಳಿದ ಹಾಗೆ ಕಾಣುವುದಿಲ್ಲ. ಅದು ಕೇಳುವುದು ಕೆಲವು ಕೆಲಸ. ಆ ಕೆಲಸಕ್ಕೆ ಜಗಳ ಇದೆ ಅನ್ನುವ ಕಾರಣಕ್ಕೆ ರಜೆ ಇಲ್ಲ. ದ್ವೇಷವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡ, ಬೈಯುವುದಿದ್ದರೆ ಎದುರಿಗೆ ಬೈ ಅಂತ ಯಾಜಕಕಾಂಡ ಹೇಳುತ್ತದೆ. ಅದಾಗಿ ಬೇರೆ ಬೇರೆ ಊರಲ್ಲಿ ಬದುಕಬೇಕಾದರೆ ಬದುಕಿ. ಕೆಲವು ಹೊತ್ತಿಗೆ ಮಾತ್ರ ಬಂದು ನಿಲ್ಲಬೇಕು. ನನಗೆ ಇದು ಮೊದಲು ತುಂಬ ಒಣ ಲೆಕ್ಕಾಚಾರ ಅನ್ನಿಸಿತ್ತು. ಸಾವ್ತಾ ತೀರಿಕೊಂಡ ಮೇಲೆ ಹಾಗನ್ನಿಸಲಿಲ್ಲ.

ತಗ್ಗಿನ ಕುರ್ಚಿಗಳು

ಅಲ್ಲಿ ಸತ್ತವರನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಹೋದರು, ಮಧ್ಯಾಹ್ನಕ್ಕೆ ಸ್ಮಶಾನದಲ್ಲಿದ್ದೆವು. ಪೆಟ್ಟಿಗೆ ಇಲ್ಲ, ಬಿಳಿ ಬಟ್ಟೆಯಲ್ಲಿ ಸುತ್ತಿದ ದೇಹ ನೇರ ಮಣ್ಣಿಗೆ. ಅದಕ್ಕೆ ಮೊದಲು ಶವಸಂಸ್ಕಾರದ ಮಂಡಳಿಯವರೊಬ್ಬರು ಚಿಕ್ಕ ಚಾಕು ಹಿಡಿದು ಮಕ್ಕಳ ಹತ್ತಿರ ಬಂದರು. ಅಂಗಿಯ ಎಡಗಡೆ, ಹೃದಯದ ಮೇಲೆ, ಒಂದು ಗೀರು ಹಾಕಿದರು. ಉಳಿದದ್ದನ್ನು ಮಕ್ಕಳೇ ಕೈಯಿಂದ ಹರಿಯಬೇಕು. ಅಪ್ಪ ಅಮ್ಮನಿಗಾದರೆ ಎಡಗಡೆ, ಒಡಹುಟ್ಟಿದವರಿಗಾದರೆ ಬಲಗಡೆ. ಅಪ್ಪ ಅಮ್ಮನಿಗಾಗಿ ಹರಿದದ್ದನ್ನು ಮತ್ತೆ ನೀಟಾಗಿ ಹೊಲಿಯುವಂತಿಲ್ಲ. ದೇವರನ್ನು ನಂಬದ ಚಿಕ್ಕವರು ಆ ಚಾಕುವಿಗೆ ಎದೆ ಕೊಟ್ಟು ನಿಂತರು. ಅವರ ಅಂಗಿ ದಪ್ಪ ಜೀನ್ಸ್ ಬಟ್ಟೆಯದ್ದು, ಹರಿಯಲಿಲ್ಲ. ಎರಡು ಸಲ ಎಳೆದರು. ಪಕ್ಕದಲ್ಲಿದ್ದ ದೊಡ್ಡವರು ಏನೂ ಅನ್ನದೆ ಕೈ ಚಾಚಿ, ಗೀರಿನ ಕೆಳಗೆ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಚರ್ ಅಂತ ಹರಿಯಿತು. ಕೈ ತೆಗೆದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದರೆ ಪಕ್ಕದ ಮನೆಯವರು ಊಟ ತಂದಿಟ್ಟಿದ್ದರು. ಮಣ್ಣು ಮಾಡಿ ಬಂದವರು ಮೊದಲ ಊಟವನ್ನು ತಮ್ಮದನ್ನು ತಿನ್ನಬಾರದು, ಬೇರೆಯವರು ಕೊಡಬೇಕು. ಬೇಯಿಸಿದ ಮೊಟ್ಟೆ, ಬ್ರೆಡ್, ಮಸೂರ್ ಬೇಳೆ. ಏಸಾವ ತನ್ನ ಹಿರಿತನ ಮಾರಿಕೊಂಡ ಆ ಮಸೂರ್ ಸಾರು ಕೂಡ ಸಾವಿನ ಮನೆಯ ಅಡುಗೆಯೇ ಅನ್ನುತ್ತದೆ ತಾಲ್ಮುಡ್. ಅವತ್ತು ಅಬ್ರಹಾಮ ಸತ್ತಿದ್ದ, ಯಾಕೋಬ ಅಪ್ಪನಿಗೋಸ್ಕರ ಬೇಯಿಸುತ್ತಿದ್ದ ಅಂತೆ. ಮಸೂರಿಗೆ ಬಾಯಿ ಇಲ್ಲ, ದುಃಖದಲ್ಲಿರುವವನಿಗೂ ಬಾಯಿ ಇಲ್ಲ ಅಂತಲೂ ಅಲ್ಲಿದೆ.

ಆಮೇಲೆ ಏಳು ದಿನ ಶಿವಾ. ನಮ್ಮ ಶಿವನಿಗೂ ಇದಕ್ಕೂ ಸಂಬಂಧ ಇಲ್ಲ, ಹೀಬ್ರೂವಿನಲ್ಲಿ ಏಳು ಅಂತ. ಕನ್ನಡಿಗಳಿಗೆ ಬೆಡ್‌ಶೀಟ್ ಹೊದಿಸಿದೆ. ಯಾರೋ ಕಾಲು ಮೋಟಾದ ಮೂರು ಕುರ್ಚಿ ತಂದು ಹಾಕಿದರು. ತೀರಿಕೊಂಡವರ ಮಕ್ಕಳು ತಗ್ಗಿನಲ್ಲಿ ಕೂರಬೇಕು, ಬಂದವರು ಅವರಾಗಿ ಮಾತಾಡುವವರೆಗೆ ಕಾಯಬೇಕು. ಮಗಳು ಮಧ್ಯದಲ್ಲಿ ಕೂತಳು, ಅಣ್ಣಂದಿರು ಆ ಕಡೆ ಈ ಕಡೆ. ಮೂವರಿಗೂ ಮೊಣಕಾಲು ಎದೆಗೆ ಬರುತ್ತಿತ್ತು. ಹಗಲಿಡೀ ಬಾಗಿಲು ತೆರೆದೇ ಇತ್ತು. ನೆಂಟರು, ಅಂಗಡಿಯ ಹಳೆ ಗಿರಾಕಿಗಳು, ಚಿಕ್ಕವರ ಸೈನ್ಯದ ದಿನಗಳ ಗೆಳೆಯರು, ದೊಡ್ಡವರ ಸಿನಗಾಗ್‌ನವರು, ಅಂದರೆ ಪ್ರಾರ್ಥನಾ ಮಂದಿರದವರು. ನಾನು ಕಾಫಿ ಮಾಡುತ್ತಾ ಇದ್ದೆ. ನೋಡಿಕೊಳ್ಳಲು ಯಾರೂ ಇರಲಿಲ್ಲ, ಆದರೂ ಏಳು ದಿನ ಮುಗಿಯುವವರೆಗೆ ಇರು ಅಂದರು.

ಎರಡನೆಯ ದಿನವೋ ಮೂರನೆಯ ದಿನವೋ, ದೊಡ್ಡವರು ಒಬ್ಬ ಮುದುಕರಿಗೆ ಹಳೆ ಕತೆ ಹೇಳುತ್ತಿದ್ದರು. ಇಸ್ರೇಲಿನಲ್ಲಿ 1949ರಿಂದ ಹತ್ತು ವರ್ಷ ರೇಷನ್ ಕಾಲ. ಮೊಟ್ಟೆ ಕೂಡ ಕೂಪನ್ನಿಗೆ. ಅಮ್ಮ ತನ್ನ ಪಾಲಿನ ಮೊಟ್ಟೆಯನ್ನು ಸಣ್ಣವನಿಗೆ ತಿನ್ನಿಸೋಳು, ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ, ಅಂದರು. ಆ ಕಡೆ ಕುರ್ಚಿಯಿಂದ ಚಿಕ್ಕವರು, ಅಣ್ಣನಿಗಲ್ಲ, ಅದೇ ಮುದುಕರಿಗೆ ಹೇಳಿದರು, ನನ್ನ ಹತ್ತಿರ ಅಮ್ಮ ಯಾವಾಗಲೂ ಹೇಳ್ತಿದ್ದದ್ದು ಆ ಮೊಟ್ಟೆ ದೊಡ್ಡವನಿಗೆ ಹೋಯ್ತು ಅಂತ. ಮುದುಕರು ಇಬ್ಬರನ್ನೂ ನೋಡಿದರು. ಮಗಳು, ನಾನು ಹುಟ್ಟೋ ಹೊತ್ತಿಗೆ ಮೊಟ್ಟೆ ಬೇಕಾದಷ್ಟಿತ್ತು, ನನ್ನನ್ನು ಎಳೀಬೇಡಿ ಅಂದಳು. ಮೂವರೂ ನಕ್ಕುಬಿಟ್ಟರು. ನಾನು ಟ್ರೇ ಹಿಡಿದು ನಿಂತಿದ್ದೆ, ಈಗ ಆಗುತ್ತೆ, ಈಗ ಮಾತಾಡುತ್ತಾರೆ ಅಂತ. ಆಗಲಿಲ್ಲ. ನಗು ನಿಂತಿತು, ಇನ್ಯಾರೋ ಒಳಗೆ ಬಂದರು, ದೊಡ್ಡವರು ಅವರ ಕಡೆ ತಿರುಗಿದರು.

ಹತ್ತನೆಯವನು

ತಾಯಿಗಾಗಿ ಮಗ ಕದ್ದಿಷ್ ಪ್ರಾರ್ಥನೆ ಹೇಳಬೇಕು, ಅದೂ ಹನ್ನೊಂದು ತಿಂಗಳು. ಒಬ್ಬನೇ ಹೇಳಿಕೊಳ್ಳುವಂತಿಲ್ಲ. ಕನಿಷ್ಠ ಹತ್ತು ಗಂಡಸರು ಸೇರಿರಬೇಕು. ಶಿವಾದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಹತ್ತು ಮಂದಿಯನ್ನು ಮನೆಯಲ್ಲೇ ಸೇರಿಸುತ್ತಾರೆ. ಒಂದು ಬೆಳಿಗ್ಗೆ ಮಳೆ ಜೋರಿತ್ತು. ಜನ ಕಮ್ಮಿ. ಸಿನಗಾಗ್‌ನ ಒಬ್ಬರು ಎಣಿಸತೊಡಗಿದರು. ಮನುಷ್ಯರನ್ನು ಒಂದು, ಎರಡು ಅಂತ ಎಣಿಸಬಾರದು ಅಂತ ಅವರಲ್ಲಿದೆ. ಕೀರ್ತನೆಯ ಒಂದು ವಾಕ್ಯ, ಹೀಬ್ರೂವಿನಲ್ಲಿ ಸರಿಯಾಗಿ ಹತ್ತು ಪದ, ಒಬ್ಬೊಬ್ಬರನ್ನು ನೋಡುತ್ತಾ ಒಂದೊಂದು ಪದ ಹೇಳುತ್ತಾರೆ. ಕೊನೆಯ ಪದ ಉಳಿದುಹೋಯಿತು. ಬಾಲ್ಕನಿಯ ಗಾಜಿನಾಚೆ ಚಿಕ್ಕವರು ಸಿಗರೇಟು ಸೇದುತ್ತಾ ನಿಂತಿದ್ದರು. ಎಣಿಸುವವರು ಅವರ ಕಡೆ ನೋಡಿದರು. ಚಿಕ್ಕವರು ಸಿಗರೇಟು ಆರಿಸಿ ಒಳಗೆ ಬಂದರು. ಟೇಬಲ್ ಮೇಲಿದ್ದ ಒಂದು ಕಿಪ್ಪಾ ಯಾರೋ ಕೊಟ್ಟರು. ಪುಸ್ತಕ ಬೇಡ ಅಂದರು. ಗೋಡೆಗೆ ಒರಗಿ ನಿಂತರು. ಅಣ್ಣ ಕದ್ದಿಷ್ ಹೇಳಿದಾಗ ಉಳಿದವರ ಜೊತೆ ಆಮೆನ್ ಅಂದರೋ ಇಲ್ಲವೋ, ನನಗೆ ಕೇಳಿಸಲಿಲ್ಲ. ಎಣಿಕೆಗೆ ಅದರ ಅಗತ್ಯವೂ ಇದ್ದಂತೆ ಕಾಣಲಿಲ್ಲ. ನಂಬುತ್ತೀಯಾ, ಅಣ್ಣನ ಜೊತೆ ಸರಿ ಇದ್ದೀಯಾ ಅಂತ ಯಾರೂ ಕೇಳಲಿಲ್ಲ. ಅವರು ಬಂದು ನಿಂತರು, ಹತ್ತಾಯಿತು.

ಆಗ ಅಡುಗೆಮನೆ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದವಳು ಮಗಳು. ಕೊನೆಯ ವಾರಗಳಲ್ಲಿ ಹೈಫಾದಿಂದ ಬಂದು ನನ್ನ ಜೊತೆ ರಾತ್ರಿ ಪಾಳಿ ಮಾಡಿದವಳು, ಅಮ್ಮನನ್ನು ಮಗ್ಗುಲು ಬದಲಿಸಿದವಳು. ನಾನಿದ್ದರೂ ಒಂಬತ್ತೇ ನೋಡು, ಅಂದಳು ನನಗೆ ಮಾತ್ರ ಕೇಳುವ ಹಾಗೆ. ಹೆಂಗಸರನ್ನೂ ಹತ್ತರಲ್ಲಿ ಎಣಿಸುವ ಸಿನಗಾಗ್‌ಗಳು ಈಗ ಇವೆ. ಇವರದ್ದು ಹಾಗಲ್ಲ. ಜಗಳ ಆಡಿದವನನ್ನೂ ಬಿಡದೆ ಒಳಗೆ ಕರೆಯುವ ಈ ವ್ಯವಸ್ಥೆಯನ್ನು ಮೆಚ್ಚುವಾಗೆಲ್ಲ ನನಗೆ ಅವಳ ಆ ಮಾತು ಅಡ್ಡ ಬರುತ್ತದೆ. ಅಡ್ಡ ಬರಲಿ, ಅದನ್ನು ಪಕ್ಕಕ್ಕೆ ತಳ್ಳುವ ಉದ್ದೇಶ ನನಗಿಲ್ಲ. ಟೋರಾದ ಕಾನೂನಿನಲ್ಲಿ ಆಸ್ತಿಯೂ ಗಂಡುಮಕ್ಕಳಿಗೇ. ಅರಣ್ಯಕಾಂಡದಲ್ಲಿ ಐವರು ಅಕ್ಕತಂಗಿಯರು ಒಟ್ಟಿಗೆ ಮೋಶೆಯ ಮುಂದೆ ನಿಂತು, ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ, ಪಾಲು ನಮಗೆ ಕೊಡಿ ಅಂತ ಕೇಳುತ್ತಾರೆ. ಅವರು ಕೇಳಿದ್ದು ಸರಿ ಅಂತ ದೇವರೇ ಹೇಳುತ್ತಾನೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅದೇ ಪುಸ್ತಕದಲ್ಲಿ ಮುಂದೆ ಈ ಹೆಸರುಗಳ ಸಾಲು ಬದಲಾಗುತ್ತದೆ. ಐವರೂ ಸಮಾನರು ಅಂತ ತೋರಿಸುವುದಕ್ಕೆ ಅಂತ ತಾಲ್ಮುಡ್‌ನ ವಿವರಣೆ. ಒಡಹುಟ್ಟಿದವರ ಒಗ್ಗಟ್ಟಿಗೆ ಎಫ್ರಾಯೀಮ, ಮನಸ್ಸೆಗಿಂತ ಇವರೇ ಒಳ್ಳೆಯ ಉದಾಹರಣೆ ಅಲ್ವಾ? ಸುಮ್ಮನಿದ್ದು ಒಳ್ಳೆಯವರಾದವರಲ್ಲ, ಒಟ್ಟಿಗೆ ಹೋಗಿ ಕೇಳಿದವರು. ಹುಡುಗಿಯರನ್ನು ಹರಸುವಾಗ ಇವರ ಹೆಸರು ಹೇಳುವುದನ್ನು ನಾನು ಕೇಳಿಲ್ಲ.

ಇಸ್ರೇಲಿನ ಈಗಿನ ಕಾನೂನು ಬೇರೆ. 1965ರ ವಾರಸು ಕಾಯ್ದೆ ಪ್ರಕಾರ ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು. ಸಾವ್ತಾರ ಫ್ಲ್ಯಾಟ್ ವಿಷಯದಲ್ಲಿ ಮೂವರಿಗೂ ಅದರ ಬಗ್ಗೆ ತಕರಾರು ಇರಲಿಲ್ಲ.

ಪಾಲು ಮಾಡಬಾರದ್ದು

ಪಾಲಿನ ಬಗ್ಗೆ ರಬ್ಬಿಗಳಿಗೆ ಭಯಂಕರ ಆಸಕ್ತಿ. ಸುಮಾರು ಕ್ರಿಸ್ತಶಕ 200ರಲ್ಲಿ ಕ್ರೋಡೀಕರಿಸಿದ ಮಿಷ್ನಾ ಎಂಬ ಕಾನೂನು ಗ್ರಂಥದಲ್ಲಿ ಬಾವಾ ಬತ್ರಾ ಅಂತ ಒಂದು ಇಡೀ ಭಾಗ ಇಂಥದ್ದಕ್ಕೇ ಇದೆ. ಅಂಗಳವನ್ನು ಪಾಲು ಮಾಡಬೇಕಾದರೆ ಒಬ್ಬೊಬ್ಬರಿಗೂ ನಾಲ್ಕು ಮೊಳ ಸಿಗಬೇಕು. ಸ್ನಾನದ ಮನೆ, ಎಣ್ಣೆಗಾಣ, ಪಾರಿವಾಳದ ಗೂಡು, ಪಾಲಾದ ಮೇಲೆ ಎರಡೂ ಕಡೆ ಕೆಲಸಕ್ಕೆ ಬರುವಷ್ಟು ದೊಡ್ಡದಿದ್ದರೆ ಮಾತ್ರ ಪಾಲು. ಅಷ್ಟು ದೊಡ್ಡದಲ್ಲದಿದ್ದರೂ ಇಬ್ಬರೂ ಒಪ್ಪಿದರೆ ಪಾಲು ಮಾಡಿಕೊಳ್ಳಬಹುದು. ಆದರೆ ಒಂದನ್ನು ಇಬ್ಬರೂ ಒಪ್ಪಿದರೂ ಕತ್ತರಿಸುವಂತಿಲ್ಲ. ಪವಿತ್ರ ಗ್ರಂಥದ ಸುರುಳಿ. ಅಣ್ಣನಿಗೆ ಆದಿಕಾಂಡ, ತಮ್ಮನಿಗೆ ವಿಮೋಚನಕಾಂಡ ಅಂತ ಕತ್ತರಿ ಹಾಕುವಂತಿಲ್ಲ. ನಾನು ಈ ಸಾಲನ್ನು ಓದಿ ತುಂಬ ಹೊತ್ತು ಅಲ್ಲೇ ನಿಂತೆ. ಎಲ್ಲವನ್ನೂ ಜೊತೆಗಿಟ್ಟುಕೊಳ್ಳಿ ಅಂತ ಅವರು ಹೇಳುತ್ತಿಲ್ಲ. ಮನೆ ಒಡೆಯಿರಿ, ಹೊಲಕ್ಕೆ ಬೇಲಿ ಹಾಕಿ. ಯಾವುದನ್ನು ಒಡೆಯಬಾರದು ಅನ್ನುವುದು ಮಾತ್ರ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ.

ಅದನ್ನು ಮೀರಿದರೆ ಏನಾಗುತ್ತದೆ ಅನ್ನುವುದಕ್ಕೂ ಅವರ ಹತ್ತಿರ ಕತೆ ಇದೆ, ಅದರ ಹಿಂದೆ ಇತಿಹಾಸವೂ ಇದೆ. ಕ್ರಿಸ್ತಪೂರ್ವ 67ರಲ್ಲಿ ಯಹೂದಿಗಳ ರಾಣಿ ಶೆಲೋಮ್ಚಿಯೋನ್ ತೀರಿಕೊಂಡಳು. ಮಕ್ಕಳಾದ ಹಿರ್ಕಾನಸ್ ಮತ್ತು ಅರಿಸ್ಟೋಬುಲಸ್ ಸಿಂಹಾಸನಕ್ಕೆ ಕಿತ್ತಾಡಿದರು. ಒಬ್ಬ ಜೆರುಸಲೇಮಿನ ಗೋಡೆಯ ಒಳಗೆ, ಇನ್ನೊಬ್ಬ ಹೊರಗೆ. ತಾಲ್ಮುಡ್ ಹೇಳುವ ಪ್ರಕಾರ ಆ ಮುತ್ತಿಗೆಯ ನಡುವೆಯೂ ದೇವಾಲಯದ ದಿನದ ಬಲಿ ನಿಂತಿರಲಿಲ್ಲ. ಒಳಗಿನವರು ದಿನಾ ಬುಟ್ಟಿಯಲ್ಲಿ ಹಣ ಇಟ್ಟು ಗೋಡೆಯಿಂದ ಇಳಿಸುವರು, ಹೊರಗಿನವರು ಕುರಿಗಳನ್ನು ಕಟ್ಟಿ ಮೇಲೆ ಕಳಿಸುವರು. ಯುದ್ಧ ಒಂದು ಕಡೆ, ಕುರಿ ಒಂದು ಕಡೆ. ಕೊನೆಗೆ ಒಬ್ಬ ಮುದುಕ, ಆ ಬಲಿ ನಡೆಯುವವರೆಗೆ ಅವರು ಸೋಲುವುದಿಲ್ಲ ಅಂತ ಹೊರಗಿನವರಿಗೆ ಸುಳಿವು ಕೊಟ್ಟ. ಮರುದಿನ ಅವರು ಹಂದಿ ಕಟ್ಟಿ ಕಳಿಸಿದರು. ಗೋಡೆಯ ಅರ್ಧಕ್ಕೆ ಬಂದಾಗ ಹಂದಿ ಕಾಲುಗುರು ಊರಿತು, ದೇಶವೇ ನಡುಗಿತು ಅಂತೆ. ಇತಿಹಾಸದಲ್ಲಿ ಆದದ್ದು ಇದು: ಇಬ್ಬರೂ ನ್ಯಾಯಕ್ಕಾಗಿ ರೋಮಿನ ದಳಪತಿ ಪಾಂಪೆಯ ಹತ್ತಿರ ಹೋದರು. ಕ್ರಿಸ್ತಪೂರ್ವ 63ರಲ್ಲಿ ಅವನು ಬಂದು ಜೆರುಸಲೇಮನ್ನೇ ಹಿಡಿದ. ನಮ್ಮ ಪಕ್ಕದ ಕೇರಳದಲ್ಲೂ ಇಂಥದ್ದೊಂದು ನೆನಪು ಉಳಿದಿದೆ. ಕೊಡುಂಗಲ್ಲೂರಿನ ಯಹೂದಿಗಳ ನಾಯಕತ್ವಕ್ಕೆ ಅಣ್ಣತಮ್ಮ ಜಗಳವಾಡಿ ಎಲ್ಲ ಕಳೆದುಕೊಂಡರು, ಕೊನೆಗೆ ಒಬ್ಬ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ಈಜಿ ಕೊಚ್ಚಿ ಸೇರಿದ ಅಂತ ಕೊಚ್ಚಿ ಯಹೂದಿಗಳ ಐತಿಹ್ಯ.

ಯುದ್ಧಕ್ಕಿಂತ ನನಗೆ ಆ ಬುಟ್ಟಿಯೇ ಜಾಸ್ತಿ ನೆನಪಿನಲ್ಲಿದೆ. ಅದು ಇಳಿದು ಹತ್ತುವವರೆಗೆ ಅವರಿನ್ನೂ ಅಣ್ಣತಮ್ಮಂದಿರೇ. ಹಿಲ್ಲೆಲ್, ಶಮ್ಮಾಯಿ ಎಂಬ ಇಬ್ಬರು ಗುರುಗಳ ಪಂಥಗಳ ಬಗ್ಗೆಯೂ ಮಿಷ್ನಾ ಇದೇ ಧಾಟಿಯಲ್ಲಿ ಮಾತಾಡುತ್ತದೆ. ಯಾರು ಯಾರನ್ನು ಮದುವೆಯಾಗಬಹುದು ಅನ್ನುವುದರಲ್ಲೇ ಅವರಿಗೆ ಒಮ್ಮತ ಇರಲಿಲ್ಲ, ಆದರೂ ಒಬ್ಬರ ಮನೆಯ ಹೆಣ್ಣನ್ನು ಇನ್ನೊಬ್ಬರು ತರುವುದನ್ನು ಬಿಡಲಿಲ್ಲ ಅಂತ.

ಸಾವ್ತಾರ ಮನೆಯಲ್ಲಿ ಸುರುಳಿ ಏನೂ ಇರಲಿಲ್ಲ. ಏಳು ದಿನ ಮುಗಿದು ಬೆಡ್‌ಶೀಟ್ ತೆಗೆದೆ, ಮೋಟು ಕುರ್ಚಿ ವಾಪಸು ಹೋಯಿತು, ನಾನು ಬೇರೆ ಊರಿನಲ್ಲಿ ಬೇರೆ ಮನೆಗೆ ಕೆಲಸಕ್ಕೆ ಸೇರಿದೆ. ಮಗಳು ಆಗಾಗ ಮೆಸೇಜ್ ಮಾಡುತ್ತಿದ್ದಳು. ಅಲ್ಲಿ ಮೂವತ್ತನೆಯ ದಿನಕ್ಕೆ ಸಮಾಧಿಗೆ ಕಲ್ಲು ನಿಲ್ಲಿಸುವ ರೂಢಿ. ಅದಕ್ಕೆ ಅಂತ ಅವಳು ಮೂವರ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದಳು. ಗ್ರೂಪಿನ ಹೆಸರು ಕಲ್ಲು. ಅಣ್ಣಂದಿರಿಬ್ಬರೂ ಅದರಲ್ಲಿ ನೇರ ಜಗಳಕ್ಕೆ ಇಳಿದಿದ್ದರಂತೆ. ಕಲ್ಲಿನ ಮೇಲೆ ಬೈಬಲ್ಲಿನ ಜ್ಞಾನೋಕ್ತಿಗಳಿಂದ ಒಂದು ವಚನ ಬೇಕು ಅಂತ ದೊಡ್ಡವರು. ಅಮ್ಮ ಯಾವತ್ತೂ ಹೇಳದ ವಚನ ಅಮ್ಮನ ಮೇಲೆ ಯಾಕೆ, ಹೆಸರು ಸಾಕು ಅಂತ ಚಿಕ್ಕವರು. ನಿನಗೆ ಅಮ್ಮನ ಬಗ್ಗೆ ಏನು ಗೊತ್ತು ಅಂತ ಒಬ್ಬರು, ನಿನಗೆ ಗೊತ್ತಿರೋದು ಅರ್ಧ ಅಂತ ಇನ್ನೊಬ್ಬರು. ರಾತ್ರಿ ಹನ್ನೆರಡಾದರೂ ನಿಂತಿಲ್ಲ ಅಂತ ಮಗಳು ಸ್ಕ್ರೀನ್‌ಶಾಟ್ ಕಳಿಸಿದಳು. ನನಗೆ ಹೀಬ್ರೂ ಮಾತಾಡಿದಷ್ಟು ಓದಲು ಬರುವುದಿಲ್ಲ. ಉದ್ದುದ್ದ ಮೆಸೇಜುಗಳು ಅಂತ ಮಾತ್ರ ಕಂಡಿತು.

ಕೊನೆಗೆ ಕೆತ್ತಿಸಿದ್ದು ಇಷ್ಟು: ಸಾವ್ತಾರ ಹೆಸರು, ಅವರ ಅಪ್ಪ ಅಮ್ಮನ ಹೆಸರು, ತಾರೀಖು, ಕೆಳಗೆ ಹೆಚ್ಚಿನ ಯಹೂದಿ ಸಮಾಧಿಗಳ ಮೇಲೆ ಕಾಣುವ ಐದು ಅಕ್ಷರ, ಸತ್ತವರ ಆತ್ಮಕ್ಕಾಗಿ ಹೇಳುವ ಹಾರೈಕೆಯ ಮೊದಲಕ್ಷರಗಳು. ವಚನ ಇಲ್ಲ. ಐದಕ್ಷರಕ್ಕೆ ಚಿಕ್ಕವರು ಒಪ್ಪಿದರು, ಎಲ್ಲರಿಗೂ ಇರುತ್ತಲ್ಲ ಅಂದರಂತೆ. ಅಕ್ಷರದ ಆಕಾರದ ಬಗ್ಗೆ ಇನ್ನೊಂದು ಸುತ್ತು ಜಗಳ ಆಗಿ, ಅದರಲ್ಲಿ ದೊಡ್ಡವರು ಗೆದ್ದರಂತೆ. ಕಲ್ಲಿನ ಖರ್ಚು ಮೂವರೂ ಸಮ ಹಂಚಿಕೊಳ್ಳುವುದು ಅಂತ ಮಾತಾಗಿದೆ. ಸದ್ಯಕ್ಕೆ ಪೂರ್ತಿ ಹಣ ಕೊಟ್ಟಿರುವುದು ಮಗಳು.